ಗಾಳಿಯಲ್ಲಿ ನೀರಿದೆ ಎಂದವರು

ಅವರು ಮಿಷನ್ ನೋಡುವುದಕ್ಕೆ ಮೊದಲು ನೆಲ ನೋಡುತ್ತಿದ್ದರು. ಮಿಷನ್ ಕೆಳಗಿನ ನೆಲ. ಅಲ್ಲಿ ಎಣ್ಣೆ ಬಿದ್ದಿದೆಯಾ, ಬಿದ್ದದ್ದು ಹಳೆಯದಾ ಹೊಸದಾ, ಗುಡಿಸುವವರು ಮಿಷನ್ ಅಡಿಗೂ ಕೈ ಹಾಕಿ ಗುಡಿಸಿದ್ದಾರಾ ಅಂತ. ಮಿಲ್ಲಿನ ಸಾಹುಕಾರರು ಪಕ್ಕದಲ್ಲಿ ನಿಂತು ಇದು ಇಷ್ಟು ಎಚ್‌ಪಿ, ಟ್ಯಾಂಕು ಇಷ್ಟು ಲೀಟರು ಅಂತ ಹೇಳುತ್ತಲೇ ಇರುತ್ತಿದ್ದರು. ಇವರು ಕುಕ್ಕರುಗಾಲಲ್ಲಿ ಕೂತು ನೆಲವನ್ನೇ ನೋಡುತ್ತಿದ್ದರು. ನೋಡಿ ಮುಗಿದ ಮೇಲೆ ಎದ್ದು, "ಅಂತೇ," ಅನ್ನುತ್ತಿದ್ದರು. ತೆಲುಗಿನಲ್ಲಿ ಅಷ್ಟೇ ಅಂತ.

ಮೊಳಕಾಲ್ಮೂರಿನವರು. ರೇಷ್ಮೆ ಸೀರೆ ನೇಯುವ ಮನೆಯಲ್ಲಿ ಹುಟ್ಟಿ, ಮಗ್ಗ ಅಣ್ಣನಿಗೆ ಬಿಟ್ಟು, ಹರೆಯದಲ್ಲಿ ಬೋರ್‌ವೆಲ್ ಲಾರಿಗಳ ಹಿಂದೆ ಊರೂರು ಅಲೆದವರು. ಬಂಡೆ ಕೊರೆಯುವುದಕ್ಕೆ ಗಾಳಿ ಊದುವ ಆ ದೊಡ್ಡ ಕಂಪ್ರೆಸರುಗಳ ಹತ್ತಿರ ಕೆಲಸ ಕಲಿತು ಬಂದರು. ಆಮೇಲೆ ಚಳ್ಳಕೆರೆಯ ಶೇಂಗಾ ಮಿಲ್ಲುಗಳಿಗೆ ಕಂಪ್ರೆಸರ್ ಕೊಳ್ಳಬೇಕಾದರೆ ಇವರನ್ನೇ ಕರೆಯುತ್ತಿದ್ದರು. ನಾವೆಲ್ಲ ಮಿಸ್ತ್ರಿ ಅನ್ನುತ್ತಿದ್ದೆವು. ಅವರಿಗೆ ಅಂಗಡಿ ಇರಲಿಲ್ಲ, ಬೋರ್ಡು ಇರಲಿಲ್ಲ. ಅವರು ಆರಿಸಿಕೊಟ್ಟದ್ದು ಕೆಡುವುದಿಲ್ಲ ಅನ್ನುವ ಒಂದು ಮಾತು ಪೇಟೆಯಲ್ಲಿತ್ತು. ಆ ಮಾತಿನಲ್ಲೇ ಉಣ್ಣುತ್ತಿದ್ದರು. ಅದು ಹೋದದ್ದು ಹೇಗೆ ಅಂತ ಅವರನ್ನು ಬಿಟ್ಟರೆ ಗೊತ್ತಿದ್ದವಳು ನಾನೊಬ್ಬಳೇ.

ಈಚೆಗೆ ತೀರಿಕೊಂಡರು. ದೇವರಂಥ ಮನುಷ್ಯ ಅಂತ ನಾನು ಹೇಳುವುದಿಲ್ಲ. ಬೀಡಿ ಸೇದುತ್ತಿದ್ದರು. ಉಣ್ಣಲಿಕ್ಕೆ ಕರೆದರೆ ಸಾರಿಗೆ ಹುಳಿ ಸಾಲದು ಅನ್ನುತ್ತಿದ್ದರು. ಯಾರಾದರೂ ಮಾತಾಡುವಾಗ ಮಧ್ಯದಲ್ಲೇ ಎದ್ದು ಹೋಗುತ್ತಿದ್ದರು, ಎಲ್ಲೋ ಒಂದು ಮಿಷನ್ ಶಬ್ದ ಬದಲಾಯಿತು ಅಂತ.

ನಾನು ಅವರನ್ನು ಮೊದಲು ನೋಡಿದ್ದು ಒಂದು ಕಂಬಳಿಯ ದೆಸೆಯಿಂದ.

ಆಗ ನಮ್ಮ ಮಿಲ್ಲಿನಲ್ಲಿ ಶೇಂಗಾ ಬೀಜ ಆರಿಸುವ ಹೆಂಗಸರು ನಲವತ್ತು ಮಂದಿ. ಗುಂಪಿಗೆ ಹಿರಿಯಳು ನಾನು. ಸುಕ್ಕಿದ್ದು, ಕರಿದು, ಕಲ್ಲು ತೆಗೆದು ಒಳ್ಳೇ ಬೀಜ ಬೇರೆ ಮಾಡುವುದು ಕೆಲಸ. ಸಾಹುಕಾರರು ಒಂದು ಆರಿಸುವ ಮಿಷನ್ ತಂದು ಕೂರಿಸಿದರು. ಬೀಜ ಮೇಲಿಂದ ಧಾರೆ ಬೀಳುತ್ತದೆ, ಒಳಗೊಂದು ಕಣ್ಣು ನೋಡುತ್ತದೆ, ಕೆಟ್ಟ ಬೀಜ ಬಂದರೆ ಫಟ್ ಅಂತ ಗಾಳಿ ಹೊಡೆದು ಆಚೆ ತಳ್ಳುತ್ತದೆ. ಆ ಗಾಳಿ ಕೊಡುವುದಕ್ಕೆ ಅವಸರದಲ್ಲಿ ಒಂದು ಸಣ್ಣ ಸೆಕೆಂಡ್ ಹ್ಯಾಂಡ್ ಕಂಪ್ರೆಸರ್ ತಂದು, ನಾವು ಕೂರುವ ಕೊಟ್ಟಿಗೆಯ ಮೂಲೆಗೇ ಇಟ್ಟರು. ಬೆಳಗಿಂದ ಸಂಜೆವರೆಗೆ ಡಬಡಬ. ಒಬ್ಬರ ಮಾತು ಒಬ್ಬರಿಗೆ ಕೇಳಿಸದು. ಮೂರನೇ ದಿನ ನಾನು ಮನೆಯಿಂದ ಕರಿ ಕಂಬಳಿ ತಂದು ಅದರ ಮೇಲೆ ಹೊದಿಸಿದೆ. ನಮ್ಮದು ಕುರಿ ಕಾಯುವ ಮನೆ. ಬಿಸಿಲಿಗೂ ಕಂಬಳಿ, ಚಳಿಗೂ ಕಂಬಳಿ, ಅಳುವ ಕೂಸಿಗೂ ಕಂಬಳಿ. ಶಬ್ದ ತಗ್ಗಿತು. ಕಂಪ್ರೆಸರ್ ನಾಲ್ಕು ದಿನಕ್ಕೆ ಸುಟ್ಟುಹೋಯಿತು.

ಮಿಸ್ತ್ರಿ ಬಂದರು. ನೆಲ ನೋಡಿದರು. ಕಂಬಳಿಯ ಒಂದು ಮೂಲೆ ಎರಡು ಬೆರಳಲ್ಲಿ ಎತ್ತಿ, "ಇದಕ್ಕೇನು ಚಳಿಜ್ವರ ಬಂದಿತ್ತಾ?" ಅಂದರು.

ಹೆಂಗಸರೆಲ್ಲ ನನ್ನ ಕಡೆ ನೋಡಿದರು.

"ನಾನೇ ಹೊದ್ಸಿದ್ದು. ಏನೀಗ?" ಅಂದೆ.

"ಏನಿಲ್ಲ ಅಕ್ಕಾ. ಕಂಬಳಿ ಒಳ್ಳೇದೈತೆ. ಮಿಷನ್ ಒಳಗಡೆನೂ ಒಬ್ಬ ಮನುಷ್ಯ ಕೂತವ್ನೆ ಅನ್ಕೋ. ಈ ಬಿಸ್ಲಾಗೆ ಅವನಿಗೆ ಹೊದಿಸ್ತೀಯಾ?"

ಆ ಕಂಪ್ರೆಸರ್ ರಿಪೇರಿಯಾದರೂ ಆಮೇಲೆ ಸರಿಯಾಗಿ ಓಡಲೇ ಇಲ್ಲ. ಶೇಂಗಾ ಧೂಳೆಲ್ಲ ಎಳೆದುಕೊಂಡು ಉಸಿರುಗಟ್ಟುತ್ತಿತ್ತು. ವಾರಕ್ಕೆ ಎರಡು ದಿನ, ಮೂರು ದಿನ ನಿಲ್ಲುತ್ತಿತ್ತು. ನಿಂತ ದಿನ ನಮ್ಮನ್ನು ಕರೆಯುತ್ತಿದ್ದರು, ಓಡಿದ ದಿನ ಮನೆಗೆ ಹೋಗಿ ಅನ್ನುತ್ತಿದ್ದರು. ನಲವತ್ತು ಹೆಂಗಸರು ಬೆಳಗ್ಗೆ ಎದ್ದು ಮೊದಲು ಮಿಲ್ಲಿನ ಕಡೆ ಕಿವಿ ಕೊಡುತ್ತಿದ್ದೆವು. ಡಬಡಬ ಕೇಳಿದರೆ ಒಲೆ ಮುಂದೆ ಸುಮ್ಮನೆ ಕೂರುವುದು, ಕೇಳದಿದ್ದರೆ ಬುತ್ತಿ ಕಟ್ಟುವುದು.

ಸಾಹುಕಾರರಿಗೆ ಸಾಕಾಯಿತು. ಒಳ್ಳೇ ಕಂಪ್ರೆಸರ್ ಆರಿಸಿಕೊಡಿ ಅಂತ ಮಿಸ್ತ್ರಿಯನ್ನು ಕೇಳಿದರು. ಅದು ಗೊತ್ತಾದ ದಿನ ನಾನು ಮಿಲ್ಲಿನ ಹಿಂದೆ ಬೇವಿನ ಮರದ ಕೆಳಗೆ ಬೀಡಿ ಹಚ್ಚಿ ಕೂತಿದ್ದವರ ಹತ್ತಿರ ಹೋದೆ. ಸುತ್ತಿ ಬಳಸಿ ಮಾತಾಡಲು ನನಗೆ ಬರುವುದಿಲ್ಲ.

"ಮಿಸ್ತ್ರಿ, ಒಂದು ಕೆಟ್ಟದ್ದನ್ನೇ ಆರಿಸ್ರಿ."

"ಎಷ್ಟು ಕೆಟ್ಟದ್ದು?" ಅಂದರು. ತಮಾಷೆಗಲ್ಲ. ಅಳತೆ ಕೇಳುವವರ ಹಾಗೆ ಕೇಳಿದರು.

"ವಾರಕ್ಕೆ ಎರಡು ದಿನ ನಿಲ್ಲೋವಂಥದ್ದು. ನಾವು ನಲವತ್ತು ಮಂದಿ ಅಷ್ಟರಾಗೆ ಹೆಂಗೋ ಉಣ್ತೀವಿ."

ಬೀಡಿ ಆರಿತು. ಅದನ್ನೇ ಬೆರಳಲ್ಲಿ ಹಿಡಿದು ಬಹಳ ಹೊತ್ತು ಕೂತರು. ದೂರದ ಗುಡ್ಡದ ಮೇಲೆ ಗಾಳಿ ಕಂಬಗಳ ರೆಕ್ಕೆ ಬಿಸಿಲಲ್ಲಿ ನಿಧಾನ ತಿರುಗುತ್ತಿದ್ದವು. ಒಂದು ಕುರಿಹಿಂಡು ಬಯಲಲ್ಲಿ ನೀರಿನ ಹಾಗೆ ಹರಿದು ಹೋಯಿತು. ಇವರು ನನ್ನ ಮಾತು ಮರೆತೇಬಿಟ್ಟರು ಅಂದುಕೊಂಡೆ.

"ಅಕ್ಕಾ, ನಮ್ಮಪ್ಪ ಮಗ್ಗದಾಗೆ ಒಂದು ಎಳೆ ತಪ್ಪಿದ್ರೆ, ಗಿರಾಕಿ ಕಣ್ಣಿಗೆ ಕಾಣದೇ ಇದ್ರೂ ಬಿಚ್ಚಿ ಮತ್ತೆ ನೇಯೋನು. ನಾವು ಪೆದ್ದ ಅಂತಿದ್ವಿ. ಕೆಟ್ಟದ್ದು ಆರಿಸೋಕೂ ಒಳ್ಳೇದು ಯಾವ್ದು ಅಂತ ಗೊತ್ತಿರ್ಬೇಕು. ಗೊತ್ತಾದ ಮೇಲೆ ಕೈ ಆ ಕಡಿಗೆ ಹೋಗಲ್ಲ."

"ಹಂಗಾರೆ ನಮ್ಮ ಹೊಟ್ಟೆ ಮೇಲೆ ಹೊಡೀರಿ," ಅಂದು ಎದ್ದು ಬಂದೆ.

ಅವರು ಆರಿಸಿದ ಬಗೆಯನ್ನು ಸಾಹುಕಾರರು ಆಮೇಲೆ ನಗುತ್ತಾ ಹೇಳುತ್ತಿದ್ದರು. ಕಂಪ್ರೆಸರ್ ಮಾರುವವರು ಇವರ ಮುಂದೆ ಚಹಾ ಇಟ್ಟು, ಬಣ್ಣದ ಪುಸ್ತಕ ಹರಡಿದರಂತೆ. ಮಿಸ್ತ್ರಿ ಚಹಾ ಕುಡಿದು, ಪುಸ್ತಕ ಮುಚ್ಚಿ, "ಇಂಥದ್ದು ಐದು ವರ್ಷ ಓಡಿರೋದು ಎಲ್ಲೈತೆ, ತೋರ್ಸಪ್ಪ," ಅಂದರಂತೆ. ಬಳ್ಳಾರಿ ಕಡೆಯ ಒಂದು ಅಕ್ಕಿ ಮಿಲ್ಲಿಗೆ ಕರೆದುಕೊಂಡು ಹೋದರು. ಅಲ್ಲಿಯ ಮಾಲೀಕರನ್ನು ಇವರು ಮಾತಾಡಿಸಲೇ ಇಲ್ಲ. ಕಸ ಗುಡಿಸುತ್ತಿದ್ದ ಹೆಂಗಸಿನ ಹತ್ತಿರ ಹೋಗಿ ಕೇಳಿದರು.

"ಇದು ಕೆಟ್ಟು ನಿಂತ ದಿನ ನಿನಗೆ ರಜಾ ಕೊಡ್ತಾರೇನವ್ವಾ?"

"ಎಲ್ಲಿ ನಿಲ್ತೈತಪ್ಪಾ ಇದು. ಇದರ ದೆಸೆಯಿಂದ ನನಗೆ ರಜಾನೇ ಇಲ್ಲ."

"ಇದನ್ನೇ ತಗೊಳ್ರಿ ಸಾಹುಕಾರ್ರೆ," ಅಂದುಬಿಟ್ಟರು.

ಆದರೂ ಅಲ್ಲಿಗೇ ಬಿಡಲಿಲ್ಲ. ಬೇಕಾದ್ದಕ್ಕಿಂತ ಒಂದು ಅಳತೆ ದೊಡ್ಡದನ್ನೇ ತರಿಸಿದರು. ಯಾಕೆ ದಂಡ ಅಂತ ಕೇಳಿದರೆ, "ಎತ್ತಿಗೂ ಮೆಲುಕು ಹಾಕೋಕೆ ಹೊತ್ತು ಬೇಕು. ಮೈಮುರಿದು ಓಡೋದು ಬೇಗ ಸಾಯ್ತೈತೆ," ಅಂದರು. ಅದರ ಬಿಡಿಭಾಗ ಬೆಳಗಿನ ಬಸ್ಸಿಗೆ ಹಾಕಿದರೆ ಅದೇ ದಿನ ಚಳ್ಳಕೆರೆಗೆ ಬರುತ್ತದಾ ಅಂತ ವಿಚಾರಿಸಿದರು. ಬಡಿದುಕೊಳ್ಳುವ ಪಿಸ್ಟನ್ನಿನದು ಬೇಡ, ಇಡೀ ದಿನ ಓಡುವುದಕ್ಕೆ ಸುತ್ತುವ ಸ್ಕ್ರೂ ಇರುವುದೇ ಸರಿ ಅಂದರು. ಕೊಟ್ಟಿಗೆಯಿಂದ ದೂರ, ಉತ್ತರದ ಗೋಡೆಗೆ ನೆರಳಿನಲ್ಲಿ ಒಂದು ಕೋಣೆ ಕಟ್ಟಿಸಿದರು, ಶೇಂಗಾ ಧೂಳು ಬರದ ಹಾಗೆ, ಸುತ್ತ ಮನುಷ್ಯ ಓಡಾಡುವ ಹಾಗೆ. ಕೊನೆಗೆ, "ನನ್ನನ್ನ ಮರೆಯೋ ಹಂಗೆ ಓಡ್ಬೇಕು. ಮಿಸ್ತ್ರಿ ನೆನಪಾದ ಅಂದ್ರೆ ಮಿಷನ್ ಸರಿಯಿಲ್ಲ ಅಂತ," ಅಂದರು. ತನ್ನ ಕೆಲಸ ತಾನೇ ಕಳೆದುಕೊಳ್ಳುವ ಮನುಷ್ಯನನ್ನು ನಾನು ಅವತ್ತೇ ನೋಡಿದ್ದು.

ನೀರಿನ ವಿಷಯ ಬಂದದ್ದು ಆಗ. ಟ್ಯಾಂಕಿನ ಅಡಿಯಲ್ಲಿ ಒಂದು ನಲ್ಲಿ ಇತ್ತು. ದಿನಾ ಬೆಳಗ್ಗೆ ಅದನ್ನು ತಿರುಗಿಸಿ ಒಳಗಿನ ನೀರು ಬಿಡಬೇಕು ಅಂದರು. ಮಿಲ್ಲಿನವರೆಲ್ಲ ನಕ್ಕರು. ಚಳ್ಳಕೆರೆಯಲ್ಲಿ ಮೋಡ ಕಂಡರೆ ಮಕ್ಕಳು ಹೊರಗೆ ಬಂದು ನೋಡುತ್ತವೆ. ಇಂಥ ಊರಿನ ಗಾಳಿಯಲ್ಲಿ ನೀರಂತೆ. ಈ ಸೀಮೆಯ ಅರ್ಧ ಕಂಪ್ರೆಸರುಗಳು ಹಾಳಾಗುವುದು ಈ ನಗೆಯಿಂದಲೇ ಅಂತ ಅವರು ಹೇಳುತ್ತಿದ್ದರು. ಮಳೆಯ ಊರಲ್ಲಿ ಹೇಳಿದರೆ ನಂಬುತ್ತಾರೆ, ಇಲ್ಲಿ ಯಾರೂ ನಲ್ಲಿ ಮುಟ್ಟುವುದಿಲ್ಲ. ಒಳಗೆ ನೀರು ತುಂಬಿ ಗಾಳಿಯ ಜೊತೆ ಮಿಷನ್ನಿಗೆ ಹೋಗುತ್ತದೆ. ತಾನೇ ನೀರು ಬಿಟ್ಟುಕೊಳ್ಳುವ ನಲ್ಲಿಯೂ ಸಿಗುತ್ತಿತ್ತು. ಅದನ್ನು ಬೇಡವೆಂದರು. "ಆಟೋಮ್ಯಾಟಿಕ್ ಅಂದ್ರೆ ಯಾರೂ ನೋಡಲ್ಲ ಅಂತ. ಈ ಧೂಳಿಗೆ ಅದು ಕಟ್ಕೊಂಡ್ರೆ ಹೇಳೋರ್ಯಾರು? ಒಬ್ಬರನ್ನ ಇಡ್ರಿ. ಆ ಅಕ್ಕನ್ನ ಇಡ್ರಿ."

ಬೆರಳು ನನ್ನ ಕಡೆ ಇತ್ತು.

"ಅವಳಿಗೆ ಓದೋಕೆ ಬರ್ತದಾ?" ಸಾಹುಕಾರರು ಕೇಳಿದರು. ನಾಲ್ಕನೇ ಕ್ಲಾಸು ಮುಗಿಸಿಲ್ಲ ಅಂದೆ.

"ಮಿಷನ್ ಏನು ಓದಿದೆಯಾ? ಆಕೆ ಸುಳ್ಳು ಹೇಳಲ್ಲ. ನನ್ನ ಹತ್ರ ಬಂದು ಏನು ಕೇಳಿದ್ಲು ಅಂತ ನಿಮಗೆ ಗೊತ್ತಿಲ್ಲ," ಅಂದರು ಮಿಸ್ತ್ರಿ.

ಮೂವತ್ತೊಂಬತ್ತು ಮಂದಿ ಮನೆಗೆ ಹೋದರು. ನಾನು ಉಳಿದೆ. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ.

ಮೊದಲ ಬೆಳಗ್ಗೆ ಅವರೇ ನಿಂತು ನಲ್ಲಿ ಬಿಡಿಸಿದರು. ಬುಸ್ ಅಂತ ಗಾಳಿ, ಹಿಂದೆಯೇ ನೀರು. ಒಂದು ಚೊಂಬಿನಷ್ಟು ನೀರು, ಆ ಬರಗಾಲದ ಗಾಳಿಯಿಂದ. ನಾನು ಬಾಗಿ ನೋಡುತ್ತಲೇ ಇದ್ದೆ. "ಎಲ್ಲಾ ಕಡೆ ಇರ್ತೈತೆ ಅಕ್ಕಾ. ಹಿಂಡಿದ್ರೆ ಕಾಣ್ತೈತೆ, ಅಂತೇ," ಅಂದರು.

ಆಮೇಲೆ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ಅದರ ತುದಿ ಮಿಷನ್ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ಮುಖ ಮಲಗಿದವರ ಹಾಗೆ ಆಯಿತು. ಎಷ್ಟು ಹೊತ್ತು ಹಾಗಿದ್ದರೋ. ಕಣ್ಣು ಬಿಟ್ಟು ನನ್ನ ಕೈಗೆ ಕೊಟ್ಟರು. ನಾನೂ ಇಟ್ಟುಕೊಂಡೆ. ಮೊದಲು ಬರೀ ಗುಂಯ್ ಅಂತಿತ್ತು. ಆಮೇಲೆ ಗುಂಯ್ ಒಳಗೆ ಇನ್ನೇನೋ ಬಿಚ್ಚಿಕೊಂಡಿತು. ಯಾರೋ ಒದ್ದೆ ಮರಳಲ್ಲಿ ನಡೆದು ಹೋಗುವ ಹಾಗೆ, ಬಹಳ ದೂರದಲ್ಲಿ ಹಟ್ಟಿಯ ಕುರಿಗಳೆಲ್ಲ ಒಟ್ಟಿಗೆ ಉಸಿರಾಡುವ ಹಾಗೆ. ನನಗೆ ಅಂಥದ್ದೆಲ್ಲ ಆಗುವುದಿಲ್ಲ. ಅವತ್ತು ಆಯಿತು.

"ಏನು ಕೇಳ್ತು?"

"ಹಟ್ಟಿ," ಅಂದೆ.

"ಸರಿಯಾಗೈತೆ. ಹಟ್ಟಿ ಕೇಳೋದು ನಿಂತ ದಿನ ನನಗೆ ಫೋನ್ ಮಾಡು."

ಆ ಕೋಣೆಯಲ್ಲಿ ನನ್ನ ಮಧ್ಯಾಹ್ನಗಳು ಹೋದವು. ಬೆಳಗ್ಗೆ ನೀರು ಬಿಡುವುದು, ಧೂಳು ಜಾಲರಿ ಬಡಿದು ಹಾಕುವುದು, ಎಣ್ಣೆ ಗಾಜಿನಲ್ಲಿ ಗೆರೆ ನೋಡುವುದು. ಮಿಕ್ಕ ಹೊತ್ತು ಗೋಡೆಗೆ ಒರಗಿ ಕೂರುವುದು. ಕಿಟಕಿಯಾಚೆ ಬಯಲು ಬಿಸಿಲಿಗೆ ನಡುಗುತ್ತಿತ್ತು. ಮಿಷನ್ನಿನ ಗುಂಯ್‌ಗೆ ಕಣ್ಣು ಅರ್ಧ ಮುಚ್ಚಿದರೆ ಎಲ್ಲಾ ಒಂದರೊಳಗೊಂದು ಕರಗುತ್ತಿತ್ತು, ಸತ್ತವರು ಬದುಕಿದವರು, ಮಳೆ ಬಂದ ವರ್ಷ ಬರದ ವರ್ಷ. ತಿಂಗಳಿಗೊಮ್ಮೆ ಮಿಸ್ತ್ರಿ ಕರೆಯದೆಯೇ ಬರುತ್ತಿದ್ದರು. ಮಾತಿಲ್ಲ. ಅವರು ಒಂದು ಗೋಡೆಗೆ, ನಾನು ಒಂದು ಗೋಡೆಗೆ. ಮಧ್ಯೆ ಮಿಷನ್. ಅವರು ಬಂದದ್ದು ನಿಜವಾ, ನಾನು ತೂಕಡಿಸಿದ್ದಾ ಅಂತ ಎಷ್ಟೋ ಸಲ ಗೊತ್ತಾಗಿಲ್ಲ. ನೆಲದ ಮೇಲೆ ಬೀಡಿ ತುಂಡು ಕಂಡರೆ ಬಂದಿದ್ದರು ಅಂತ.

ಹೊರಗೆ ಹೀಗಿರಲಿಲ್ಲ. ನಮ್ಮ ಕೇರಿಯ ಮಾರಕ್ಕ ನನ್ನ ಜೊತೆ ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತು ಬೀಜ ಆರಿಸಿದವಳು. ಒಂದು ಸುಗ್ಗಿಗೆ, ಬೀದಿ ನಲ್ಲಿಯ ಹತ್ತಿರ ಎಲ್ಲರ ಮುಂದೆ, "ನಿನಗೇನವ್ವಾ, ಗಾಳಿ ಕಾಯ್ಕೊಂಡು ಉಣ್ತೀಯ. ನಾವು ಗಾಳಿನೇ ಉಣ್ಬೇಕು," ಅಂದಳು. ಮುಂದಿನ ತಿಂಗಳು ಮೆಣಸಿನಕಾಯಿ ಬಿಡಿಸಲಿಕ್ಕೆ ದೂರದ ಊರಿಗೆ ಹೋಗುವವಳಿದ್ದಳು. ಅವಳ ಮೊಣಕಾಲು ಕೂತರೆ ಏಳುತ್ತಿರಲಿಲ್ಲ.

ನಾನು ನೀರು ಬಿಡುವುದು ನಿಲ್ಲಿಸಿದೆ.

ಯೋಚನೆ ಮಾಡಿಯೇ ನಿಲ್ಲಿಸಿದೆ. ಬೆಳಗ್ಗೆ ಕೋಣೆಗೆ ಹೋಗಿ ನಲ್ಲಿ ನೋಡಿ, ಮುಟ್ಟದೆ ಕೂರುತ್ತಿದ್ದೆ. ಹತ್ತು ದಿನ ಹೋಗುವಷ್ಟರಲ್ಲಿ ಆರಿಸುವ ಮಿಷನ್ನಿಗೆ ನೀರು ಹತ್ತಿತು. ಒಳ್ಳೇ ಬೀಜ ಆಚೆ ಹೊಡೆಯಿತು, ಕೆಟ್ಟದ್ದು ಒಳಗೆ ಬಿಟ್ಟಿತು. ಆಮೇಲೆ ನಿಂತೇಹೋಯಿತು. ಕಂಪನಿಯವನೊಬ್ಬ ಬಂದು, ನಮ್ಮ ಮಿಷನ್ ಸರಿ ಇದೆ, ನಿಮ್ಮ ಗಾಳಿ ಸರಿ ಇಲ್ಲ ಅಂತ ಹೇಳಿ ಹೋದ. ಮಿಸ್ತ್ರಿ ಆಂಧ್ರದ ಕಡೆ ಒಂದು ಕಲ್ಲು ಕ್ವಾರಿಯಲ್ಲಿದ್ದರು. ಅವರು ಆರಿಸಿದ್ದನ್ನು ಬೇರೆಯವರ ಕೈಗೆ ಕೊಡುವುದಿಲ್ಲ ಅಂತ ಸಾಹುಕಾರರು ಕಾದರು. ಅವರು ಬರುವ ತನಕ ಹನ್ನೊಂದು ದಿನ ಕೊಟ್ಟಿಗೆ ತುಂಬ ಹೆಂಗಸರು. ಮಾರಕ್ಕ ನನ್ನ ಜಾಗದಲ್ಲಿ ಕೂತು ಹಾಡು ಹೇಳಿದಳು.

ಹನ್ನೆರಡನೇ ದಿನ ಬಂದರು. ನೆಲ ನೋಡಿದರು. ನಲ್ಲಿ ತಿರುಗಿಸಿದರು. ಕೆಂಪು ನೀರು ನುಗ್ಗಿ ಬಂತು, ಕೋಣೆಯೆಲ್ಲ ಹರಿಯಿತು, ಸಾಹುಕಾರರ ಚಪ್ಪಲಿ ತೋಯ್ದವು. ಮಿಸ್ತ್ರಿ ನೀರಲ್ಲಿ ಬೆರಳದ್ದಿ ಮೂಗಿಗೆ ಹಿಡಿದರು. ಎಷ್ಟು ದಿನದ ನೀರು ಅಂತ ಆ ತುಕ್ಕೇ ಹೇಳುತ್ತದೆ.

"ದಿನಾ ಬಿಡ್ತಿದ್ದೆಯಾ ಅಕ್ಕಾ?"

ಸಾಹುಕಾರರು ನನ್ನನ್ನೇ ನೋಡುತ್ತಿದ್ದರು.

"ಬಿಡ್ತಿದ್ದೆ," ಅಂದೆ.

ಅವರು ಬೆರಳನ್ನು ಪಂಚೆಗೆ ಒರೆಸಿಕೊಂಡರು. "ಈ ಸಲ ಗಾಳಿಯಾಗೆ ನೀರು ಜಾಸ್ತಿ ಐತೆ ಸಾಹುಕಾರ್ರೆ. ನನ್ನ ಅಂದಾಜು ತಪ್ತು. ಇದು ಇಲ್ಲಿಗೆ ಆಗಿಬರೋ ಮಿಷನ್ ಅಲ್ಲ. ನಾನು ಆರಿಸಿದ್ದು ತಪ್ಪು."

ಸಾಹುಕಾರರು ಒದ್ದೆ ಚಪ್ಪಲಿಯಲ್ಲೇ ಹೊರಗೆ ಹೋದರು. ಮಿಸ್ತ್ರಿ ಪೈಪು ಬಿಚ್ಚಿ ಒಣಗಿಸಿ ಮತ್ತೆ ಜೋಡಿಸಿದರು. ಸಂಜೆ ಚೀಲಕ್ಕೆ ಸ್ಪ್ಯಾನರು ಹಾಕುತ್ತಾ ಕೇಳಿದರು.

"ಹನ್ನೊಂದು ದಿನ. ಉಂಡ್ರಾ ಆ ಹೆಂಗಸ್ರು?"

"ಉಂಡ್ರು."

"ಅಂತೇ," ಅಂದು ಬಸ್ಸಿಗೆ ಹೋದರು.

ಅವರು ಆರಿಸಿದ್ದೂ ಕೆಡುತ್ತದೆ, ಅವರೇ ಒಪ್ಪಿಕೊಂಡರು ಅಂತ ಸಾಹುಕಾರರು ಪೇಟೆಯಲ್ಲಿ ಹೇಳಿದರು. ಬೇರೆ ಮಿಲ್ಲಿನವರು ಕಂಪನಿಗಳಿಗೇ ವರ್ಷದ ಗುತ್ತಿಗೆ ಕೊಟ್ಟರು. ಮಿಸ್ತ್ರಿ ಚಳ್ಳಕೆರೆಗೆ ಬರುವುದು ನಿಂತಿತು. ನಮ್ಮ ಮಿಷನ್ ಓಡುತ್ತಲೇ ಇತ್ತು. ನಾನು ಒಂದು ದಿನವೂ ತಪ್ಪದೆ ನೀರು ಬಿಟ್ಟೆ. ಹೆಂಗಸರನ್ನು ಮತ್ತೆ ಯಾರೂ ಕರೆಯಲಿಲ್ಲ. ಮಾರಕ್ಕ ಮೆಣಸಿನಕಾಯಿಗೆ ಹೋದಳು. ಹನ್ನೊಂದು ದಿನದಲ್ಲಿ ಯಾರ ಬಾಳೂ ಬದಲಾಗಲಿಲ್ಲ, ಅವರೊಬ್ಬರದು ಬಿಟ್ಟು.

ಒಂದೇ ಸಲ ನೋಡಿದೆ ಆಮೇಲೆ. ಮೊಮ್ಮಗಳ ಮದುವೆ ಸೀರೆಗೆ ಮೊಳಕಾಲ್ಮೂರಿಗೆ ಹೋಗಿದ್ದೆ. ರಸ್ತೆ ಬದಿಯಲ್ಲಿ ತಗಡಿನ ನೆರಳು, ಒಂದು ಪುಟ್ಟ ಕಂಪ್ರೆಸರ್, ಬೈಕುಗಳ ಚಕ್ರಕ್ಕೆ ಗಾಳಿ ತುಂಬುತ್ತಾ ಕೂತಿದ್ದರು. ನನ್ನನ್ನು ನೋಡಿ ಎದ್ದರು.

"ಮಿಷನ್ ಹೆಂಗೈತೆ?"

"ಓಡ್ತೈತೆ."

"ನೀರು?"

"ದಿನಾ ಬಿಡ್ತೀನಿ."

ತಲೆ ಆಡಿಸಿದರು. ಸೀರೆಗೆ ಬಂದೆ ಅಂದೆ. "ಮುಂದೆ ನೋಡ್ಬೇಡ, ಮಗುಚಿ ಹಿಂದೆ ನೋಡು. ಹಿಂದುಗಡೆ ಚೊಕ್ಕಟ ಇದ್ರೆ ತಗೋ," ಅಂದರು. ಯಾರೋ ಬೈಕು ತಂದು ನಿಲ್ಲಿಸಿದರು. ಹೇಳಬೇಕಾದ ಮಾತು ನನ್ನ ಬಾಯಲ್ಲಿತ್ತು. ಗಾಳಿ ಹಿಡಿಯುವ ಶಬ್ದ ನಿಲ್ಲಲಿ ಅಂತ ಕಾದೆ. ನಿಂತಿತು. ಆಗಲೂ ಹೇಳಲಿಲ್ಲ.

ತೀರಿಹೋದ ಸುದ್ದಿಯನ್ನು ಅಲ್ಲಿಂದ ಶೇಂಗಾ ತಂದ ಗಾಡಿಯವನು ಹೇಳಿದ. ವಾರ ಬಿಟ್ಟು ಹೋದೆ. ಅವರ ಹೆಂಡತಿ ಭಾವನ ಮಗ್ಗದ ಪಕ್ಕ ಕೂತು ರಾಟೆಯಲ್ಲಿ ರೇಷ್ಮೆ ಸುತ್ತುತ್ತಿದ್ದರು. ನಾನು ಯಾರು ಅಂತ ಹೇಳಿದೆ.

"ಚಳ್ಳಕೆರೆ ಮಿಲ್ಲಿನೋರಾ? ಆ ಮಿಲ್ಲಿಂದಾನೇ ಅವರ ಹೆಸರು ಹೋಗಿದ್ದು."

"ಮಿಲ್ಲಿಂದ ಅಲ್ಲಮ್ಮಾ. ನನ್ನಿಂದ," ಅಂದು ಎಲ್ಲಾ ಹೇಳಿದೆ.

ರಾಟೆ ನಿಲ್ಲಿಸಲಿಲ್ಲ ಆಕೆ. ಹಸಿರು ಎಳೆ ಸುತ್ತಿಕೊಳ್ಳುತ್ತಲೇ ಇತ್ತು. "ಅವರು ಆರಿಸಿದ್ದು ಕೆಡಲ್ಲ ಅಂತ ನನಗೆ ಗೊತ್ತಿತ್ತು. ಕೆಡಿಸಿದ್ದು ಯಾರು ಅಂತ ಗೊತ್ತಿರ್ಲಿಲ್ಲ. ಕೇಳಿದ್ರೆ ಹೇಳ್ತಿರ್ಲಿಲ್ಲ." ಆಮೇಲೆ ನನ್ನ ಮುಖ ನೋಡಿದರು. "ಇದನ್ನ ಇಲ್ಲಿ ಹೇಳಿ ಏನಾಗ್ಬೇಕಕ್ಕಾ? ಹೇಳೋದಾದ್ರೆ ಚಳ್ಳಕೆರೆಯಾಗೆ ಹೇಳು."

ಮರುದಿನ ಸಾಹುಕಾರರಿಗೆ ಹೇಳಿದೆ. ಅವರೂ ಈಗ ಮುದುಕರು.

"ಅವತ್ತೇ ಹೇಳಿದ್ರೆ ನಿನ್ನ ಕೆಲಸ ಹೋಗ್ತಿತ್ತು."

"ಅದಕ್ಕೇ ಹೇಳ್ಲಿಲ್ಲ."

"ಇವತ್ತು ಹೋದ್ರೆ?"

"ಹೋಗ್ಲಿ."

ಎದ್ದು ಚಪ್ಪಲಿ ಮೆಟ್ಟಿದರು. "ನಡಿ. ನಾನು ಹೇಳಿದ್ರೆ ಸತ್ತೋರ ಮೇಲಿನ ಮರ್ಯಾದೆಗೆ ಹೇಳ್ತಾನೆ ಅಂತಾರೆ. ನೀನೇ ಹೇಳು."

ಮಾರ್ಕೆಟ್ ಯಾರ್ಡಿನ ಚಹಾ ಅಂಗಡಿಯಲ್ಲಿ ಮಿಲ್ಲಿನವರು ಆರೇಳು ಮಂದಿ ಕೂತಿದ್ದರು. ನಾನು ನಿಂತೇ ಹೇಳಿದೆ. ಕೂಡಿಸಲಿಲ್ಲ, ಕಳೆಯಲಿಲ್ಲ. ನೀರು ಬಿಡದೆ ಇದ್ದದ್ದು, ಬಿಡ್ತಿದ್ದೆ ಅಂತ ಸುಳ್ಳು ಹೇಳಿದ್ದು, ಅವರು ಬೆರಳು ಮೂಸಿ ನೋಡಿ ತಪ್ಪು ತಮ್ಮ ಮೇಲೆ ಹಾಕಿಕೊಂಡದ್ದು.

ಚಹಾದವನು ಸ್ಟೋವ್ ತಗ್ಗಿಸಿದ. ಕೊನೆಗೆ ಒಬ್ಬರು ನಮ್ಮ ಸಾಹುಕಾರರಿಗೆ, "ನಿನ್ನ ಮಾತು ಕೇಳಿ, ಅವರು ಆರಿಸಿಕೊಟ್ಟಿದ್ದ ಒಳ್ಳೇ ಮಿಷನ್ ಮಾರಿಬಿಟ್ಟೆನಲ್ಲೋ," ಅಂದರು. ಇನ್ನೊಬ್ಬರು, "ನನ್ನದು ಇನ್ನೂ ಓಡ್ತೈತೆ. ಆರಿಸಿಕೊಟ್ಟೋರು ಯಾರು ಅಂತಾನೇ ಮರೆತಿದ್ದೆ," ಅಂದು ಎದ್ದು ತಮ್ಮ ಕುರ್ಚಿಯನ್ನು ನನ್ನ ಕಡೆ ಸರಿಸಿದರು.

ನಾನು ಕೂರಲಿಲ್ಲ. ಆ ಕುರ್ಚಿ ನನಗೆ ಬರಬೇಕಾದ್ದಲ್ಲ.